ಅಕ್ಕಡಿ ಹೊಲಕ್ಕೆ ಯಾವ ಕಾಲಂ?

ಕಾಲೇಜನ್ನು ಅಳೆಯಲು ಮಾನ್ಯತೆ ಸಮಿತಿ ಬರುವ ವರ್ಷ ನನಗೆ ಪಾಠ ಕಡಿಮೆ, ಫಾರ್ಮ್ ತುಂಬುವುದು ಜಾಸ್ತಿ. ವಿದೇಶಿ ವಿದ್ಯಾರ್ಥಿಗಳು ಎಷ್ಟು? ಸೊನ್ನೆ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ? ಒಂದಿದೆ. ಸಹಿ ಹಾಕಿದ ದಿನದ ಫೋಟೋ ಇದೆ, ಆಮೇಲೆ ಆ ಕಡೆಯಿಂದ ಒಂದು ಇಮೇಲ್ ಕೂಡ ಬಂದಿಲ್ಲ. ನಮ್ಮ ಕಾಲೇಜಿನ ಮಟ್ಟಿಗೆ ಜಾಗತೀಕರಣ ಅಂದರೆ ಆ ಫೋಟೋ.

ಆಗೆಲ್ಲ ನನಗೆ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಒಂದು ವಿಶ್ವವಿದ್ಯಾಲಯ ನೆನಪಾಗುತ್ತದೆ. ಹೆಸರು ಅಮಾವ್ತಾಯ್ ವಾಸಿ. ಕಿಚ್ವಾ ಮಾತಿನಲ್ಲಿ 'ಅರಿವಿನ ಮನೆ' ಅಂತ. ಅಲ್ಲಿನ ಮೂಲನಿವಾಸಿ ಸಂಘಟನೆಗಳು ಕಟ್ಟಿದ್ದು. 2004ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ವಿದ್ಯಾರ್ಥಿ ಊರು ಬಿಟ್ಟು ಬರಬೇಕಿಲ್ಲ, ಪಾಠವೇ ಊರಿಗೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಬೇಸಾಯ ಕಲಿಯುವವರಿಗೆ 'ಚಕ್ರಾ'ವೇ ಕ್ಲಾಸು. ಚಕ್ರಾ ಅಂದರೆ ಮನೆಯ ಊಟಕ್ಕೆಂದು ಮೆಕ್ಕೆಜೋಳ, ಹುರುಳಿಯಂಥ ಕಾಳು, ಕುಂಬಳ ಎಲ್ಲ ಒಟ್ಟಿಗೆ ಬೆಳೆಯುವ ತುಂಡು ಹೊಲ. ರಾಗಿಯ ನಡುವೆ ಬೇರೆ ಬೆಳೆಗಳ ಸಾಲು ಹಾಕುವ ನಮ್ಮ ಅಕ್ಕಡಿ ಸಾಲಿನ ದೂರದ ನೆಂಟ ಅನ್ನಿ. ಕಲಿತದ್ದನ್ನು ಮರೆತು ಮತ್ತೆ ಕಲಿಯುವುದೂ ಅವರ ಪಠ್ಯಕ್ರಮದ ಒಂದು ಹಂತ.

2008ರಲ್ಲಿ ಈಕ್ವೆಡಾರ್ ಹೊಸ ಸಂವಿಧಾನ ಬರೆದುಕೊಂಡಿತು. 'ಸುಮಾಕ್ ಕಾವ್ಸಾಯ್' ಅನ್ನುವ ಕಿಚ್ವಾ ಮಾತು ಅದರೊಳಗೆ ಬಂತು. ನೆರೆಹೊರೆ, ಮಣ್ಣು, ನೀರು ಎಲ್ಲದರ ಜೊತೆ ಹೊಂದಿಕೊಂಡು ಚೆನ್ನಾಗಿ ಬಾಳುವುದು ಅಂತ ಅರ್ಥ. ಐದೇ ವರ್ಷ. 2013ರಲ್ಲಿ ಅದೇ ದೇಶದ ಮೌಲ್ಯಮಾಪನ ಮಂಡಳಿ ಅರಿವಿನ ಮನೆಯನ್ನು ಮುಚ್ಚಿಸಿತು. ನಗರದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇಟ್ಟ ಅಳತೆಗೋಲೇ ಇವರಿಗೂ. ಬೆಟ್ಟದ ಹೊಲದಲ್ಲಿ ಲೈಬ್ರರಿ ಎಲ್ಲಿದೆ ಅಂದರೆ ಯಾರು ತಾನೇ ಪಾಸಾಗುತ್ತಾರೆ? 2018ರಲ್ಲಿ ಕಾನೂನು ತಿದ್ದಿ ಅದಕ್ಕೆ ಮರುಜೀವ ಕೊಟ್ಟರು, ಈ ಸಲ ಸರ್ಕಾರಿ ವಿಶ್ವವಿದ್ಯಾಲಯವಾಗಿ.

ಅಳತೆಯೇ ಬೇಡ ಅನ್ನುವವನು ನಾನಲ್ಲ. ಪದವಿ ಕಾಗದಕ್ಕೆ ಬೆಲೆ ಇರಬೇಕು, ಅಲ್ವಾ? ಆದರೆ ಗೋಲು ಯಾರ ಕೈಯಲ್ಲಿದೆ ಅನ್ನುವುದನ್ನು ನಮ್ಮ ಮೀಟಿಂಗುಗಳಲ್ಲಿ ಯಾರೂ ಕೇಳುವುದಿಲ್ಲ.

ಹೋದ ಮಳೆಗಾಲ ನಮ್ಮ ಸಸ್ಯಶಾಸ್ತ್ರದ ಮಕ್ಕಳು ಹತ್ತಿರದ ಹಳ್ಳಿಯ ಅಜ್ಜಿಯೊಬ್ಬರ ರಾಗಿ ಹೊಲಕ್ಕೆ ಹೋಗಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಯಾವ ಸಾಲಿಗೆ ಯಾಕೆ ಅಂತ ಅಜ್ಜಿ ಎರಡು ಗಂಟೆ ಹೇಳಿದರು. ಅದನ್ನು ವಿಶೇಷ ಉಪನ್ಯಾಸ ಅಂತ ಸಮಿತಿಯ ಆನ್‌ಲೈನ್ ಫಾರ್ಮಿಗೆ ಸೇರಿಸಲು ಹೋದೆ. ಉಪನ್ಯಾಸಕರ ವಿದ್ಯಾರ್ಹತೆ ಕೇಳಿತು. ಖಾಲಿ ಬಿಟ್ಟೆ. ಪುಟ ಮುಂದಕ್ಕೆ ಹೋಗಲಿಲ್ಲ.