ದೊಡ್ಡಪ್ಪಂಗೆ ದುರ್ಬೀನು ಹಾಕಿದ ದಿನ

ಮೂತ್ರದಲ್ಲಿ ರಕ್ತ ಕಾಣಿಸ್ತು ಅಂತ ನಮ್ಮ ದೊಡ್ಡಪ್ಪನ್ನ ಜಗಳೂರು ಕಡೆಯಿಂದ ದಾವಣಗೆರೆಗೆ ಕರ್ಕೊಂಡು ಬಂದಿದ್ವಿ. ಡಾಕ್ಟ್ರು ಸಿಸ್ಟೋಸ್ಕೋಪಿ (ಮೂತ್ರದ ದಾರೀಲಿ ದುರ್ಬೀನು ಪೈಪು ಹಾಕಿ ಮೂತ್ರಕೋಶದ ಒಳಗೆ ನೋಡೋ ಟೆಸ್ಟು) ಮಾಡೋಣ, ಅಡ್ಮಿಟ್ ಬೇಡ, ಜ್ಞಾನ ತಪ್ಸೋದೂ ಬೇಡ ಅಂದ್ರು. ದೊಡ್ಡಪ್ಪ ಹೊರಗೆ ಬಂದೋರೇ "ಎಚ್ಚರ ಇದ್ದಾಗ್ಲೇ ಅಲ್ಲಿ ದುರ್ಬೀನು ಹಾಕ್ತಾರೇನಲೇ? ನಾ ಒಲ್ಲೆ, ಊರಿಗೆ ನಡಿ" ಅಂದ್ರು.

ಅವರ ಭಯ ಸುಳ್ಳೇನಲ್ಲ. ಹೆಂಗಸರ ಮೂತ್ರನಾಳ 4 ಸೆಂಟಿಮೀಟರ್ ಇದ್ರೆ ಗಂಡಸರದ್ದು ಹತ್ತಿರ ಹತ್ತಿರ 20, ಹಂಗಾಗಿ ಗಂಡಸರಿಗೆ ಈ ಟೆಸ್ಟು ಜಾಸ್ತಿ ನೋಯುತ್ತೆ. ಆದ್ರೆ 1879ರಲ್ಲಿ ಮ್ಯಾಕ್ಸ್ ನಿಟ್ಸೆ ಅನ್ನೋ ಜರ್ಮನ್ ಡಾಕ್ಟ್ರು ವಿಯೆನ್ನಾದಲ್ಲಿ ತೋರಿಸಿದ ದುರ್ಬೀನು ಗಟ್ಟಿ ಲೋಹದ ಕೊಳವೆ, ಈಗ ಬಾಗೋ ಪೈಪೂ ಇದೆ, ದಪ್ಪ ಸುಮಾರು 5 ಮಿಲಿಮೀಟರ್.

ನೋವು ದಾರಿ ಪೂರ್ತಿ ಒಂದೇ ತರ ಇರಲ್ಲ. ಮೂತ್ರ ತಡೆಹಿಡಿಯೋ ಸ್ನಾಯು ಇದೆಯಲ್ಲ, ಪೈಪು ಅದನ್ನ ದಾಟೋವಾಗ್ಲೇ ಜಾಸ್ತಿ ನೋವು. ಹೆದರಿದವರು ಅದನ್ನೇ ಇನ್ನೂ ಬಿಗಿ ಹಿಡೀತಾರೆ, ಬಿಗಿ ಹಿಡಿದಷ್ಟೂ ನೋವು ಜಾಸ್ತಿ. ಅದಕ್ಕೇ ಒಳ್ಳೆ ಡಾಕ್ಟ್ರು ಆ ಜಾಗ ಬಂದಾಗ "ಯಜಮಾನ್ರೇ, ಮೂತ್ರ ಮಾಡೋ ಹಂಗೆ ಸಡ್ಲ ಬಿಡ್ರಿ" ಅಂತಾರೆ, ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಸಿಸ್ಟರ್ ಆ ಪೈಪಿಗೆ ನೀರು ಬಿಡೋ ಸಲೈನ್ ಬ್ಯಾಗನ್ನ ಕೈಯಲ್ಲಿ ಹಿಂಡ್ತಾರೆ, ನೀರಿನ ಒತ್ತಡಕ್ಕೆ ದಾರಿ ತೆರ್ಕೊಳುತ್ತೆ, ಪೈಪು ಆ ನೀರಿನ ಹಿಂದೇನೇ ಜಾರಿ ಹೋಗುತ್ತೆ. ಬ್ಯಾಗ್ ಹಿಂಡಿದಾಗ ಗಂಡಸರಿಗೆ ನೋವು ಕಮ್ಮಿ ಆಗುತ್ತೆ ಅಂತ ಪ್ರಯೋಗಗಳಲ್ಲೂ ಕಂಡಿದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಎಲ್ಲಾ ಕಡೆ ಯಾಕೆ ಮಾಡಬಾರದು ಅನ್ನಿಸುತ್ತೆ ನಂಗೆ.

ಪೈಪು ಹಾಕೋ ಮುಂಚೆ ಜಾಗ ಮರಗಟ್ಟಿಸೋಕೆ ಬಿಡೋ ಲಿಗ್ನೊಕೇನ್ ಜೆಲ್ಲಿನೂ ಅಷ್ಟೇ, ಒಂದೇ ಸಲ ಜೋರಾಗಿ ತಳ್ಳಿದ್ರೆ ಅದೇ ಉರಿಯುತ್ತೆ, ನಿಧಾನಕ್ಕೆ ಹಾಕಿ ಒಂದಷ್ಟು ನಿಮಿಷ ಕಾಯ್ಬೇಕು. ಓಪಿಡಿ ರಶ್ಶಲ್ಲಿ ಈ ಕಾಯೋದೇ ಮೊದಲು ತಪ್ಪಿಹೋಗೋದು. ಕಾಯೋಣ ಅಂತ ಕೇಳೋಕೆ ಸಂಕೋಚ ಬೇಡ, ಪರದೆ ಹಾಕಿ, ಮೇಲೆ ಬಟ್ಟೆ ಹೊದಿಸಿ ಅನ್ನೋಕೂ ಬೇಡ.

ಒಲ್ಲೆ ಅಂದಿದ್ದ ದೊಡ್ಡಪ್ಪ ಕೊನೆಗೆ ಟೆಸ್ಟಿಗೆ ಒಳಗೆ ಹೋದ್ರು, ಅವರಿಗೆ ಧೈರ್ಯ ಬಂದಿದ್ದು ಅಲ್ಲಿದ್ದ ಟೀವಿಯಿಂದ. ಡಾಕ್ಟ್ರು ಟೀವಿನ ಅವರ ಕಡೆ ತಿರುಗಿಸಿ, ಕಿಡ್ನಿಯಿಂದ ಬರೋ ನಾಳಗಳ ಎರಡು ಸಣ್ಣ ಬಾಯಿ ತೋರಿಸಿದ್ರಂತೆ, ಅಲ್ಲಿಂದ ಮೂತ್ರ ಬಿಟ್ಟು ಬಿಟ್ಟು ಚಿಮ್ಮುತ್ತೆ. "ನಮ್ಮ ಹೊಲದ ಸ್ಪ್ರಿಂಕ್ಲರ್ ಇದ್ದಂಗೈತಿ" ಅಂತ ಅದನ್ನೇ ನೋಡ್ತಾ ಇದ್ರಂತೆ, ಅಷ್ಟರಲ್ಲಿ ಮುಗಿದಿತ್ತು. ಗಡ್ಡೆ ಏನೂ ಇರ್ಲಿಲ್ಲ.

ಆಮೇಲೆ ಎರಡು ದಿನ ಮೂತ್ರ ಮಾಡುವಾಗ ಉರಿ, ಸ್ವಲ್ಪ ಗುಲಾಬಿ ಬಣ್ಣ. ಅದು ಮಾಮೂಲಿ, ನೀರು ಚೆನ್ನಾಗಿ ಕುಡೀಬೇಕು. ಚಳಿಜ್ವರ ಬಂದ್ರೆ, ರಕ್ತದ ಗಂಟು ಬಿದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಬೆಳಗಾಗ್ಲಿ ಅಂತ ಕೂರಬೇಡಿ, ಅವತ್ತೇ ಹೋಗಿ.