ಬುಡದಿಂದ ಎದ್ದು ಬಂದ ಪನ್ನೀರು ಗುಲಾಬಿ

ಕೆಲವು ವರ್ಷಗಳ ಹಿಂದೆ ಮಡಿಕೇರಿಯ ನಮ್ಮ ಮನೆಯಂಗಳಕ್ಕೆ ನಾನು ತಂದದ್ದು ಹಳದಿ ಗುಲಾಬಿ. ನರ್ಸರಿಯಲ್ಲಿ ಅದರ ಒಂದೊಂದು ಹೂವೂ ಅಂಗೈಯಗಲ ಇತ್ತು. ಮೊದಲ ಮಳೆಗಾಲದಲ್ಲೇ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದವು. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡ ಮುಗಿಯುವಷ್ಟರಲ್ಲಿ ಗಿಡ ಬರೀ ಮುಳ್ಳುಕಡ್ಡಿ. ಎರಡನೆಯ ಮಳೆಗಾಲದಲ್ಲಿ ಆ ಕಡ್ಡಿಯೂ ತುದಿಯಿಂದ ಒಣಗುತ್ತ ಒಣಗುತ್ತ ಬುಡದವರೆಗೆ ಇಳಿಯಿತು. ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕೆಂದುಕೊಂಡವಳು ಸೋಮಾರಿತನದಿಂದ ಹಾಗೇ ಬಿಟ್ಟೆ.

ಬೇಸಿಗೆಯ ಹೊತ್ತಿಗೆ ಮಣ್ಣಿನ ಮಟ್ಟದಿಂದ ಒಂದು ಚಿಗುರು ಎದ್ದಿತ್ತು. ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಮೇಲೆ ಅದು ಮೊಳಕಾಲೆತ್ತರ ಬೆಳೆದು ತುದಿಯಲ್ಲಿ ಗೊಂಚಲು ಮೊಗ್ಗು ತಳೆಯಿತು. ಅರಳಿದ್ದು ಹಳದಿಯಲ್ಲ, ಸಡಿಲ ಎಸಳಿನ, ಗುಲಾಬಿ ಬಣ್ಣದ ಸಾಧಾರಣ ಹೂ. ಬೆಳಗಿನ ಕಾಫಿ ಕುಡಿಯುತ್ತ ಜಗಲಿಯಲ್ಲಿ ಕುಳಿತಿದ್ದ ಅತ್ತೆ ಅಲ್ಲಿಂದಲೇ ಕೇಳಿದರು: “ಪನ್ನೀರು ಗುಲಾಬಿಯ ವಾಸನೆ ಬರುತ್ತಿದೆಯಲ್ಲ, ಯಾವಾಗ ತಂದೆ?”

ನಾನು ತಂದಿರಲಿಲ್ಲ. ಅಥವಾ, ಗೊತ್ತಿಲ್ಲದೆ ತಂದಿದ್ದೆ. ನರ್ಸರಿಗಳು ಚೆಲುವಾದ ತಳಿಯ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ತೆಗೆದು ಗಟ್ಟಿಮುಟ್ಟಾದ ಇನ್ನೊಂದು ಗುಲಾಬಿಯ ಕಾಂಡಕ್ಕೆ ಕೂರಿಸಿ ಕಸಿ ಮಾಡುತ್ತವೆ. ಹೂ ಮೇಲಿನದ್ದು, ಬೇರು ಕೆಳಗಿನದ್ದು. ದಕ್ಷಿಣ ಭಾರತದಲ್ಲಿ ಈ ಬೇರುಸಸಿಯ ಕೆಲಸಕ್ಕೆ ಬಳಸುವ ಗುಲಾಬಿಗಳಲ್ಲಿ ಎಡ್ವರ್ಡ್ ಗುಲಾಬಿಯೂ ಒಂದು. ನಮ್ಮ ಅಜ್ಜಿಯರ ಕಾಲದ ಪನ್ನೀರು ಗುಲಾಬಿ ಇದೇ. ದುಡ್ಡು ಕೊಟ್ಟು ತಂದ ಯಜಮಾನ ಸತ್ತ ಮೇಲೆ, ನೆಲದಡಿಯಲ್ಲಿ ಅವನನ್ನು ಹೊತ್ತುಕೊಂಡಿದ್ದ ಆಳು ಎದ್ದು ನಿಂತಿದ್ದ.

ಈ ಎಡ್ವರ್ಡ್‌ನ ಜಾತಕ ಕಾಫಿ ಸೀಮೆಯವರಿಗೆ ಹಿಡಿಸುವಂಥದ್ದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಹಳೆಯ ಹೆಸರು ಬೂರ್ಬೋನ್. ಫ್ರೆಂಚರು 1715ರಲ್ಲಿ ಯೆಮೆನ್‌ನಿಂದ ಕಾಫಿ ಗಿಡ ಒಯ್ದು ಬೆಳೆಸಿದ್ದು ಅಲ್ಲೇ. ಅರೇಬಿಕಾ ಕಾಫಿಯ ಬೂರ್ಬನ್ ತಳಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಅದೇ ದ್ವೀಪದಲ್ಲಿ ಹೊಲಗಳ ಬೇಲಿಗೆ ಎರಡು ಬಗೆಯ ಗುಲಾಬಿ ನೆಡುತ್ತಿದ್ದರಂತೆ: ಪಶ್ಚಿಮ ಏಷ್ಯಾದ ಘಮಘಮಿಸುವ ಡಮಾಸ್ಕ್, ಮತ್ತು ವಾಸನೆ ಕಡಿಮೆಯಾದರೂ ಬಿಡುವಿಲ್ಲದೆ ಹೂ ಬಿಡುವ ಚೀನಾ ಗುಲಾಬಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಬೇಲಿಯ ಸಾಲಿನಲ್ಲಿ ಯಾರೂ ನೆಡದ ಒಂದು ಸಸಿ ಕಣ್ಣಿಗೆ ಬಿತ್ತು. ಬೇಲಿಯ ಅಕ್ಕಪಕ್ಕದವರು ಸಂಬಂಧ ಬೆಳೆಸಿದ್ದರು. ಬೂರ್ಬನ್ ಗುಲಾಬಿಗಳ ವಂಶ ಶುರುವಾದದ್ದು ಹೀಗೆ ಎನ್ನುತ್ತಾರೆ. ನಮ್ಮ ಎಡ್ವರ್ಡ್ ಕೂಡ ಅದೇ ವಂಶದ್ದು.

ಚೀನಾ ಗುಲಾಬಿಯ ಆ ಬಿಡುವಿಲ್ಲದ ಗುಣ ನಿಜವಾಗಿ ಒಂದು ಕೆಟ್ಟುಹೋದ ಬ್ರೇಕು. ಕಾಡುಗುಲಾಬಿಗಳಲ್ಲಿ ಹೂ ಬಿಡದಂತೆ ತಡೆಹಿಡಿಯುವ ಒಂದು ಜೀನ್ ಇದೆ. ವರ್ಷಕ್ಕೊಮ್ಮೆ ವಸಂತದಲ್ಲಿ ಅದು ಹಿಡಿತ ಸಡಿಲಿಸುತ್ತದೆ, ಗಿಡ ಒಮ್ಮೆಗೇ ಹೂವಾಗುತ್ತದೆ. ಆಮೇಲೆ ಮತ್ತೆ ಬ್ರೇಕು ಬಿದ್ದು, ಬರುವ ಚಿಗುರೆಲ್ಲ ಎಲೆ, ಕೊಂಬೆ. ಚೀನಾ ಗುಲಾಬಿಯಲ್ಲಿ ಯಾವುದೋ ಕಾಲದಲ್ಲಿ, ಜಾಗ ಬದಲಿಸುವ ಗುಣದ ಡಿಎನ್‌ಎ ತುಣುಕೊಂದು ಆ ಜೀನಿನ ಮಧ್ಯೆ ಬಂದು ಕುಳಿತುಬಿಟ್ಟಿತು. ಜೀನ್ ಬಾಯಿ ಮುಚ್ಚಿತು. ಅಲ್ಲಿಂದ ಮುಂದೆ ಪ್ರತಿಯೊಂದು ಚಿಗುರಿನ ತುದಿಯೂ ಹೂವೇ. 2012ರಲ್ಲಿ ಇದನ್ನು ಪತ್ತೆಹಚ್ಚಿದವರು ಜೀನಿಗೆ ಕೆಎಸ್‌ಎನ್ ಎಂದು ಹೆಸರಿಟ್ಟರು. ಸದಾ ಹೂ ಬಿಡುವ ಈ ಗುಲಾಬಿಗೆ ಜಪಾನಿನಲ್ಲಿರುವ ‘ಕೋಶಿನ್’ ಎಂಬ ಹೆಸರಿನಿಂದ ಬಂದ ಅಕ್ಷರಗಳು ಅವು. ಇಂದು ಅಂಗಡಿಯಲ್ಲಿ ಸಿಗುವ, ವರ್ಷವಿಡೀ ಹೂ ಬಿಡುವ ಗುಲಾಬಿಗಳೆಲ್ಲ ಹೆಚ್ಚುಕಡಿಮೆ ಆ ಮುರಿದ ಬ್ರೇಕಿನ ವಾರಸುದಾರರು.

ಬ್ರೇಕಿಲ್ಲದ ಗಾಡಿಗೆ ಪೆಟ್ರೋಲು ಜಾಸ್ತಿ ಬೇಕು. ಗುಲಾಬಿಗೆ ವರ್ಷಕ್ಕೊಮ್ಮೆ ಗೊಬ್ಬರ ಹಾಕಿ ಮರೆಯುವವರು ಇದನ್ನು ಯೋಚಿಸುವುದಿಲ್ಲ. ಪ್ರತಿ ಸುತ್ತು ಹೂವಿನ ನಂತರ ನಾನು ಬುಡದಿಂದ ಒಂದು ಗೇಣು ದೂರದಲ್ಲಿ ಒಂದು ಬುಟ್ಟಿ ಹಳೆಯ ಸಗಣಿ ಗೊಬ್ಬರವನ್ನೋ ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆಯನ್ನೋ ಹಾಕುತ್ತೇನೆ. ಹಸಿ ಸಿಪ್ಪೆ ಮಾತ್ರ ಬೇಡ. ಕೊಳೆಯುವಾಗ ಅದರ ಕಾವು ಎಳೆಬೇರನ್ನು ಸುಡುತ್ತದೆ.

ಪರಿಮಳದ ಕಥೆ ಇನ್ನೂ ಸೊಗಸು. ಗುಲಾಬಿಯ ಘಮವೆಂದರೆ ಒಂದು ವಸ್ತುವಲ್ಲ, ನೂರಾರು ಆವಿಗಳ ಸಂತೆ. ಅದರಲ್ಲಿ ಜೆರಾನಿಯಾಲ್ ಒಂದು ಮುಖ್ಯ ವ್ಯಾಪಾರಿ. ಬೇರೆ ಗಿಡಗಳು ಇದನ್ನು ಹೇಗೆ ತಯಾರಿಸುತ್ತವೆಂದು ತಿಳಿದಿತ್ತು. ಗುಲಾಬಿಯೂ ಹಾಗೇ ಇರಬೇಕೆಂದು ಎಲ್ಲರೂ ಭಾವಿಸಿದ್ದರು. 2015ರಲ್ಲಿ ಫ್ರಾನ್ಸಿನ ಸಂಶೋಧಕರು ಕಡುಪರಿಮಳದ ಒಂದು ಕೆಂಗುಲಾಬಿಯನ್ನೂ ವಾಸನೆಯೇ ಇಲ್ಲವೆನ್ನಬಹುದಾದ ಇನ್ನೊಂದನ್ನೂ ಪಕ್ಕಪಕ್ಕ ಇಟ್ಟು, ಯಾವ ಜೀನ್ ಒಂದರಲ್ಲಿ ಎದ್ದಿದೆ, ಇನ್ನೊಂದರಲ್ಲಿ ಮಲಗಿದೆ ಎಂದು ನೋಡಿದರು. ಸಿಕ್ಕಿದ್ದು ನಡಿಕ್ಸ್ ಎಂಬ ಕುಟುಂಬದ ಕಿಣ್ವ. ಆ ಕುಟುಂಬಕ್ಕೆ ಜೀವಕೋಶದಲ್ಲಿ ಇದ್ದ ಹೆಸರು ಕಸ ಗುಡಿಸುವವರದ್ದು: ಬೇಡದ, ಅಪಾಯಕಾರಿ ಅಣುಗಳನ್ನು ಒಡೆದು ಹಾಕುವ ಕೆಲಸ. ಕಸ ಗುಡಿಸುವ ಕೈಯೇ ಅತ್ತರನ್ನೂ ತಯಾರಿಸುತ್ತಿತ್ತು.

ಆ ಆವಿಗಳು ಹೊರಡುವುದು ಎಸಳಿನ ಹೊರಪದರದಿಂದ. ಆವಿಯಾಗಲು ಕಾವು ಬೇಕು. ಮಡಿಕೇರಿಯ ಮಂಜಿನ ದಿನ ಇದೇ ಹೂವಿಗೆ ಮೂಗು ಹಚ್ಚಿದರೂ ಏನೂ ಸಿಗುವುದಿಲ್ಲ. ಮಂಜು ಹರಿದು ಬಿಸಿಲು ಬಿದ್ದು ಅರ್ಧ ಗಂಟೆಯಾಗಲಿ, ಗೇಟಿನವರೆಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಅರಳಿದ ಹೂವಿನಲ್ಲಿ ಬಂಡವಾಳ ಮುಗಿದಿರುತ್ತದೆ. ಅರ್ಧ ಅರಳಿದ್ದನ್ನೇ ಬೆಳಿಗ್ಗೆ ಕೊಯ್ಯಬೇಕು ಎನ್ನುವ ಅತ್ತೆಯ ಹಟಕ್ಕೆ ಯಾವ ಪ್ರಯೋಗಾಲಯದ ಅಪ್ಪಣೆಯೂ ಬೇಕಾಗಿಲ್ಲ.

ಕೊಡಗಿನಲ್ಲಿ ಗುಲಾಬಿಯ ವೈರಿ ಚಳಿಯಲ್ಲ, ಬಿಸಿಲಲ್ಲ, ಒದ್ದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಕಪ್ಪುಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆಯೊಳಗೆ ನುಗ್ಗಲು ಎಲೆ ಸುಮಾರು ಏಳು ಗಂಟೆ ಒಣಗದೆ ಇದ್ದರೆ ಸಾಕು. ನಮ್ಮಲ್ಲಿ ಏಳು ದಿನ ಒಣಗುವುದಿಲ್ಲ! ಬಿದ್ದ ಎಲೆಯ ಮೇಲಿನ ಬೀಜಕಣಗಳನ್ನು ಮಳೆಹನಿಯೇ ಚಿಮ್ಮಿಸಿ ಮೇಲಿನ ಎಲೆಗೆ ತಲುಪಿಸುತ್ತದೆ. ಆದ್ದರಿಂದ ಔಷಧಕ್ಕಿಂತ ಮೊದಲು ಬುಡದಲ್ಲಿ ಬಿದ್ದ ಎಲೆಗಳನ್ನು ಹೆಕ್ಕಿ ಸುಡಬೇಕು. ಗಿಡವನ್ನು ಮುಂಜಾನೆಯ ಬಿಸಿಲು, ಗಾಳಿ ಸಿಗುವ ಕಡೆ, ನೀರು ನಿಲ್ಲದ ದಿಬ್ಬದ ಮೇಲೆ ನೆಡಬೇಕು. ನೂರು ಎಸಳಿನ ದಪ್ಪ ಹೂಗಳ ಆಸೆ ಬಿಡುವುದೂ ಒಳ್ಳೆಯದು. ಒದ್ದೆಯಾದ ಹೊರಗಿನ ಎಸಳುಗಳು ಅಂಟಿಕೊಂಡು ಮೊಗ್ಗು ಅರಳದೆ ಒಳಗೇ ಕೊಳೆಯುತ್ತದೆ. ಎಡ್ವರ್ಡ್‌ನ ಸಡಿಲ ಹೂ ಒಂದು ಬಿಸಿಲು ಸಿಕ್ಕರೆ ಬಿಚ್ಚಿಕೊಳ್ಳುತ್ತದೆ.

ಇನ್ನು ಬೋರ್ಡೋ ದ್ರಾವಣ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಫ್ರಾನ್ಸಿನ ರೈತರು ರಸ್ತೆಬದಿಯ ಬಳ್ಳಿಗಳಿಗೆ ಬಳಿಯುತ್ತಿದ್ದ ಮೈಲುತುತ್ತ-ಸುಣ್ಣವೇ 1885ರಲ್ಲಿ ಔಷಧವೆಂದು ಹೆಸರು ಮಾಡಿ, ಈಗ ನಮ್ಮ ಕಾಫಿ, ಮೆಣಸಿನ ತೋಟಗಳನ್ನೆಲ್ಲ ನೀಲಿ ಮಾಡುತ್ತಿದೆ. ತೋಟಕ್ಕೆ ಹೊಡೆಯುವ ಶೇಕಡಾ 1ರ ದ್ರಾವಣ ಗುಲಾಬಿಗೆ ಖಾರ. ನಾನು 10 ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಣ್ಣ ಹಾಕುತ್ತೇನೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಸೋಸಿ ಬೆರೆಸಿ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ತುತ್ತ ಇನ್ನೂ ಹಸಿಯಾಗಿದೆ ಎಂದರ್ಥ, ಸುಣ್ಣ ಸೇರಿಸಬೇಕು. ಸಿಂಪಡಿಸುವುದು ಮೇ ಕೊನೆಯ ಒಂದು ಒಣ ದಿನ. ಜಿಟಿಜಿಟಿ ಮಳೆಯ ನಡುವೆ ಹೊಡೆದರೆ ಬೇಗ ಆರದ ತಾಮ್ರ ಎಲೆಯನ್ನೇ ಸುಡುತ್ತದೆ. ಒಂದು ವರ್ಷ ಹಾಗೆ ಮಾಡಿ, ರೋಗಕ್ಕಿಂತ ಮೊದಲು ನಾನೇ ಎಲೆ ಉದುರಿಸಿದ್ದೆ. ಇಷ್ಟು ಮಳೆ ಮಣ್ಣಿನ ಸುಣ್ಣದ ಅಂಶವನ್ನೂ ತೊಳೆದು ಹುಳಿ ಉಳಿಸುತ್ತದೆ. ತೋಟಕ್ಕೆ ಸುಣ್ಣ ಎರಚುವಾಗ ಗುಲಾಬಿಯ ಬುಡಕ್ಕೂ ಒಂದು ಹಿಡಿ ಬೀಳಲಿ.

ಕೊಂಬೆ ಸವರುವುದು ತುಲಾ ಸಂಕ್ರಮಣದ ನಂತರ. ತಲಕಾವೇರಿಯಿಂದ ತೀರ್ಥ ಮನೆಗೆ ಬಂದ ವಾರ ನಾನು ಕತ್ತರಿ ಹಿಡಿಯುತ್ತೇನೆ. ಕೊಂಬೆಯ ತುದಿಮೊಗ್ಗು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತ ಕೆಳಗಿನ ಕಣ್ಣುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಹೋದರೆ ಅವು ಏಳುತ್ತವೆ. ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿದರೆ ಗಿಡದ ನಡುವೆ ಗಾಳಿಯಾಡುತ್ತದೆ. ಕತ್ತರಿಸಿದ ಆರೇಳು ವಾರಕ್ಕೆ ಹೂ, ಅಂದರೆ ಸರಿಯಾಗಿ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಸುತ್ತಮುತ್ತ. ಆಮೇಲೆ ಬಾಡಿದ ಹೂವನ್ನು ಐದೆಲೆಯ ಗರಿಯವರೆಗೆ ಚಿವುಟುತ್ತ ಹೋದರೆ ಸಾಕು. ಕಾಯಿ ಕಟ್ಟಲು ಬಿಟ್ಟರೆ ಗಿಡದ ಗಮನ ಅತ್ತ ಹೋಗುತ್ತದೆ.

ಆಕ್ಸಿನ್ನಿನ ಇನ್ನೊಂದು ಉಪಕಾರವೂ ಇದೆ. ಕತ್ತರಿಸಿದ ಕಡ್ಡಿಯಲ್ಲಿ ಕೆಳಗಿಳಿಯುವ ಅದು ಬುಡದಲ್ಲಿ ಬಂದು ನಿಂತು ಬೇರು ಹುಟ್ಟಿಸುತ್ತದೆ. ಎಡ್ವರ್ಡ್ ಈ ವಿಷಯದಲ್ಲಿ ಉದಾರಿ. ಕಸಿಯ ಹಂಗೇ ಇಲ್ಲ. ಈ ಜೂನ್‌ನಲ್ಲಿ ಪೆನ್ಸಿಲ್ ದಪ್ಪದ ಐದು ಕಡ್ಡಿಗಳನ್ನು ಸೂರಿನ ನೀರು ಬೀಳದ ಜಾಗ ನೋಡಿ ಮರಳು ಮಣ್ಣಿಗೆ ಚುಚ್ಚಿದೆ. ನಾಲ್ಕು ಚಿಗುರಿವೆ. ಎರಡು ಕುಶಾಲನಗರದ ನಾದಿನಿಗೆ ಹೋಗಲಿವೆ; ಅಲ್ಲಿ ಮಳೆ ನಮ್ಮಲ್ಲಿಗಿಂತ ಎಷ್ಟೋ ಕಡಿಮೆ, ಎಲೆ ಉಳಿಯುತ್ತದೆ. ಐದನೆಯದು ಹಸಿರಾಗಿಯೇ ಇದೆ, ಆದರೆ ಅಲುಗಿಲ್ಲ. ಬೇರು ಬಿಟ್ಟಿದೆಯೇ ಎಂದು ಕಿತ್ತು ನೋಡಲು ಕೈ ತುರಿಸುತ್ತದೆ. ಅತ್ತೆ ಬಿಡುತ್ತಿಲ್ಲ.