ಹೊಸಬರ ಲ್ಯಾಪ್‌ಟಾಪಿಗೆ ಮೊದಲ ದಿನ ಯಾವ ಕೆಲ್ಸ ಕೊಡ್ಬೇಕು?

ಅಣ್ಣನ ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಾ ಇದಾನೆ. ರಜಕ್ಕೆ ಸೋಮವಾರಪೇಟೆಗೆ ಬಂದವ್ನು ಒಂದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು, "ಚಿಕ್ಕಪ್ಪ, ಹತ್ತು ಕೋಟಿ ಅಂಕಿ ಇರೋ ಪ್ರೈಮ್ ನಂಬರ್ ಸಿಕ್ಕಿದ್ರೆ ಒಂದೂವರೆ ಲಕ್ಷ ಡಾಲರ್ ಪ್ರೈಜ್ ಅಂತೆ, ರಾತ್ರಿ ಇದನ್ನ ಆನ್ ಮಾಡಿಟ್ಟು ಮಲಗಿದ್ರೆ ಅದೇ ಹುಡುಕ್ತದೆ" ಅಂದ. ಪ್ರೈಜ್ ಇರೋದು ನಿಜ, ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇಟ್ಟಿರೋದು. ಅದ್ರಲ್ಲಿ ಹುಡುಕಿದವ್ನ ಕೈಗೆ ಸಿಗೋದು ಐವತ್ತು ಸಾವಿರ, ಉಳಿದದ್ದು ದಾನಧರ್ಮಕ್ಕೆ ಮತ್ತೆ ಹುಡುಕಾಟ ನಡೆಸೋ ಯೋಜನೆಗೆ ಹಂಚಿಹೋಗ್ತದೆ ಅಂತ ಹೇಳಿದ್ಮೇಲೂ ಅವ್ನ ಹುರುಪೇನೂ ಇಳೀಲಿಲ್ಲ ಬಿಡಿ.

ಅವ್ನು ಹೇಳ್ತಿದ್ದದ್ದು ಜಿಂಪ್ಸ್ ಅನ್ನೋ ಯೋಜನೆ ಬಗ್ಗೆ, 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ್ದು. ಊರೂರಲ್ಲಿ ಸುಮ್ನೆ ಕೂತಿರೋ ಕಂಪ್ಯೂಟರ್‌ಗಳಿಗೆ ಲೆಕ್ಕ ಹಂಚಿ ಉತ್ತರ ವಾಪಸ್ ತಗೊಳ್ಳೋ ಏರ್ಪಾಡು, ಒಂಥರಾ ಮುಯ್ಯಾಳು ಅನ್ಕೊಳ್ಳಿ. ಅನ್ಯಗ್ರಹದ ಸಿಗ್ನಲ್ ಹುಡುಕೋಕೆ 1999ರಿಂದ 2020ರವರೆಗೆ ಲಕ್ಷಗಟ್ಟಲೆ ಜನ ಕಂಪ್ಯೂಟರ್ ಬಿಟ್ಟುಕೊಟ್ಟಿದ್ರಲ್ಲ ಸೆಟಿ ಅಟ್ ಹೋಮ್ ಅಂತ, ಅದೇ ಜಾತಿ. ಜಿಂಪ್ಸ್ ಹುಡುಕೋದು ಮರ್ಸೆನ್ ಪ್ರೈಮುಗಳ್ನ, ಅಂದ್ರೆ 2ನ್ನ 2ರಿಂದ್ಲೇ ಹಲವು ಸಲ ಗುಣಿಸಿ ಒಂದು ಕಳೆದ್ರೆ ಬರೋ ಪ್ರೈಮ್‌ಗಳು. 3, 7, 31 ಹೀಗೆ. 2024ರ ಅಕ್ಟೋಬರಲ್ಲಿ ಸಿಕ್ಕಿದ್ದು 2ರ ಘಾತ 13,62,79,841, ಮೈನಸ್ 1. ಅದ್ರಲ್ಲಿ ಇರೋದು 4,10,24,320 ಅಂಕಿ. ಹತ್ತು ಕೋಟಿ ಇನ್ನೂ ದೂರ.

ನಮ್ಮ ಹುಡುಗ ಸೀದಾ ಹತ್ತು ಕೋಟಿ ಅಂಕಿದೇ ಬೇಕು ಅಂತ ಕೂತ. ಹೊಸಬರು ಜಾರಿ ಬೀಳೋ ಜಾಗ ಇದೇ. ಇಲ್ಲಿ ಘಾತ ಎರಡು ಪಟ್ಟು ಆದ್ರೆ ಸಮಯ ನಾಲ್ಕು ಪಟ್ಟಿಗಿಂತ ಜಾಸ್ತಿ ಆಗ್ತದೆ, ಯಾಕಂದ್ರೆ ಮಾಡ್ಬೇಕಾದ ಹೆಜ್ಜೆನೂ ಡಬಲ್, ಒಂದೊಂದು ಹೆಜ್ಜೆಲಿ ಗುಣಿಸೋ ನಂಬರ್ ಉದ್ದನೂ ಡಬಲ್. ಹತ್ತು ಕೋಟಿ ಅಂಕಿಗೆ ಘಾತ 33 ಕೋಟಿ ದಾಟ್ಬೇಕು. ಏಳೂವರೆ ಕೋಟಿ ಘಾತದ್ದಕ್ಕೆ ನಾಲ್ಕು ದಿನ ಹಿಡಿಯೋ ಮಿಷಿನ್ ಇದಕ್ಕೆ ಎಂಬತ್ತು ದಿನದ ಮೇಲೆ ಉರೀಬೇಕು, ಅದೂ ಬಿಡುವಿಲ್ದೆ, ಮತ್ತೆ ಕೊನೇಲಿ ಬರೋ ಉತ್ತರ ಹೆಚ್ಚುಕಮ್ಮಿ ಗ್ಯಾರಂಟಿ "ಪ್ರೈಮ್ ಅಲ್ಲ". ಎರಡನೇ ವಾರಕ್ಕೆ ಬೇಜಾರಾಗಿ ಡಿಲೀಟ್ ಮಾಡ್ತಾರೆ, ಅಷ್ಟು ದಿನದ ಕೆಲ್ಸ ನೀರಲ್ಲಿ ಹೋಮ.

ಹಾಗಾದ್ರೆ ಏನ್ ಕೊಡ್ಬೇಕು? ಕಾಫಿ ತೋಟಕ್ಕೆ ಹೊಸದಾಗಿ ಬಂದ ಆಳನ್ನ ಯಾವ ರೈಟರೂ, ಅಂದ್ರೆ ತೋಟದ ಕೆಲ್ಸ ನೋಡ್ಕೊಳ್ಳೋವ್ನು, ಮೊದಲ ದಿನ ಕಾಳುಮೆಣಸು ಕೊಯ್ಯೋ ಏಣಿ ಹತ್ತಿಸಲ್ಲ, ಉದುರಿದ ಕಾಫಿ ಹೆಕ್ಕೋಕೆ ಬಿಡ್ತಾನೆ. ಹೆಕ್ಕೋದು ಕೀಳು ಕೆಲ್ಸ ಅಲ್ಲ, ನೆಲದಲ್ಲಿ ಬಿಟ್ರೆ ಮುಂದಿನ ವರ್ಷ ಕಾಫಿ ಕಾಯಿ ಕೊರೆಯೋ ಬೋರರ್ ಹುಳ ಅಲ್ಲಿಂದ್ಲೇ ಏಳ್ತದೆ. ಜಿಂಪ್ಸಲ್ಲೂ ಅಂಥದ್ದೊಂದಿದೆ, ಡಬಲ್ ಚೆಕ್, ಹಿಂದೆ ಯಾರೋ ಮಾಡಿಟ್ಟ ಟೆಸ್ಟನ್ನ ಇನ್ನೊಂದು ಮಿಷಿನಲ್ಲಿ ಮತ್ತೆ ಮಾಡಿ ಉತ್ತರ ತಾಳೆ ಆಗ್ತದಾ ನೋಡೋದು.

ಇದು ಯಾಕೆ ಬೇಕು ಅಂತ ಪೆನ್ನು ಪೇಪರಲ್ಲೇ ನೋಡ್ಬಹುದು. ಇಂಥ ನಂಬರ್ ಪ್ರೈಮಾ ಅಲ್ವಾ ಅಂತ ನೋಡೋ ಹಳೇ ವಿಧಾನ ಲ್ಯೂಕಾಸ್ ಲೆಹ್ಮರ್ ಟೆಸ್ಟ್, ಅಂದ್ರೆ 4ರಿಂದ ಶುರು ಮಾಡಿ ವರ್ಗ ಮಾಡು, 2 ಕಳಿ, ನಮ್ಮ ನಂಬರಿಂದ ಭಾಗಿಸಿ ಶೇಷ ಇಟ್ಕೋ, ಅಷ್ಟೇ. 31ಕ್ಕೆ ಮಾಡಿ: 4 ಹೋಗಿ 14 ಆಯ್ತು, 14ರ ವರ್ಗ 196, ಎರಡು ಕಳೆದ್ರೆ 194, ಶೇಷ 8, ಮತ್ತೆ ವರ್ಗ ಮಾಡಿ ಎರಡು ಕಳೆದ್ರೆ 62, ಶೇಷ ಸೊನ್ನೆ. ಸೊನ್ನೆ ಬಂದ್ರೆ ಪ್ರೈಮ್. ಈಗ ಮಧ್ಯದಲ್ಲಿ ಮೆಮೊರಿ ಎಡವಿ 14ರ ಜಾಗದಲ್ಲಿ 15 ಬರೀತು ಅನ್ಕೊಳ್ಳಿ, ಮುಂದೆ 6 ಬರ್ತದೆ, ಆಮೇಲೆ 3, ಸೊನ್ನೆ ಬರೋದೇ ಇಲ್ಲ, ಕೈಲಿದ್ದ ಪ್ರೈಮ್ ಹೋಯ್ತು! ಮೂರು ಹೆಜ್ಜೆಲಿ ಹೀಗಾದ್ರೆ ಕೋಟಿಗಟ್ಟಲೆ ಹೆಜ್ಜೆಲಿ ಕೇಳ್ಬೇಡಿ. 2018ರಿಂದ ಬಂದ ಹೊಸ ಥರದ ಟೆಸ್ಟು ನಡುನಡುವೆ ತನ್ನ ತಪ್ಪು ತಾನೇ ಹಿಡೀತದೆ, ಆದ್ರೆ ಹಳೇ ವಿಧಾನದಲ್ಲಿ ಮಾಡಿಟ್ಟಿರೋದ್ರಲ್ಲಿ ಇನ್ನೂ ಸುಮಾರು ತಾಳೆ ನೋಡೋಕೆ ಬಾಕಿ ಬಿದ್ದಿದೆ. ಹೊಸಬರಿಗೆ ಇದ್ರಲ್ಲಿ ಎರಡು ಲಾಭ: ನಂಬರ್ ಚಿಕ್ಕದು, ಬೇಗ ಮುಗೀತದೆ, ಮತ್ತೆ ಉತ್ತರ ತಾಳೆ ಆದ್ರೆ ಅವ್ರ ಮಿಷಿನ್ ಸರಿ ಇದೆ ಅಂತ್ಲೂ ಗೊತ್ತಾಗ್ತದೆ.

ಹೊಸ ಥರದ್ದನ್ನೇ ಎಲ್ರಿಗೂ ಡೀಫಾಲ್ಟ್, ಅಂದ್ರೆ ಕೇಳದೇನೇ ತಾನಾಗಿ ಸಿಗೋ ಕೆಲ್ಸ, ಮಾಡ್ಬಾರದಾ ಅಂತ ನಾನೂ ಮೊದ್ಲು ಅನ್ಕೊಂಡಿದ್ದೆ. ಅದು ಕೊನೇಲಿ ಒಂದು ಪ್ರೂಫ್ ಫೈಲ್ ಮಾಡ್ತದೆ, ಅದಿದ್ರೆ ಇನ್ನೊಬ್ರು ಪೂರ್ತಿ ಲೆಕ್ಕ ಮತ್ತೆ ಮಾಡ್ಬೇಕಾಗಿಲ್ಲ, ಚೂರು ಸಮಯದಲ್ಲಿ ಚೆಕ್ ಮಾಡ್ಬಹುದು, ಚಂದದ ಗಣಿತ. ಆದ್ರೆ 13 ಕೋಟಿ ಘಾತದ್ದಕ್ಕೆ ಲೆಕ್ಕ ನಡೀವಾಗ ನಾಲ್ಕು ಜಿಬಿ ಡಿಸ್ಕ್ ಬೇಕು, ಮುಗಿದ್ಮೇಲೆ ಸುಮಾರು 150 ಎಂಬಿ ಅಪ್‌ಲೋಡ್ ಮಾಡ್ಬೇಕು. ಮಳೆಗಾಲದಲ್ಲಿ ಶಾಂತಳ್ಳಿ ಕಡೆ ಫೋನ್ ಹಾಟ್‌ಸ್ಪಾಟಿಂದ ಅಪ್‌ಲೋಡ್ ಮಾಡಿ ನೋಡಿ, ಆಮೇಲೆ ಮಾತಾಡೋಣ. ಪಿ ಮೈನಸ್ ಒನ್ ಅಂತ ಅಪವರ್ತನ ಹುಡುಕೋ ಇನ್ನೊಂದು ಕೆಲ್ಸ ಇದೆ, ಅದಕ್ಕೆ ರ್‍ಯಾಮ್ ಧಾರಾಳ ಬೇಕು, ಎಂಟು ಜಿಬಿ ಲ್ಯಾಪ್‌ಟಾಪಲ್ಲಿ ಬ್ರೌಸರೂ ತೆಗ್ಯೋಕಾಗಲ್ಲ ಅನ್ನೋ ಹಂಗಾಗ್ತದೆ. ಒಂದೊಂದೇ ನಂಬರಿಂದ ಭಾಗಿಸಿ ನೋಡೋ ಟ್ರಯಲ್ ಫ್ಯಾಕ್ಟರಿಂಗ್ ಗ್ರಾಫಿಕ್ಸ್ ಕಾರ್ಡಿನ ಕೆಲ್ಸ, ಸಾಧಾರಣ ಪ್ರೊಸೆಸರಿಗೆ ಕೊಡೋದು ದಂಡ.

ಸೆಟ್ಟಿಂಗ್ಸ್ ತೆಗೆದು ನೋಡೋವ್ರು ಎಷ್ಟು ಜನ ಹೇಳಿ? ಇನ್‌ಸ್ಟಾಲ್ ಮಾಡಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಹೋಗ್ತಾರೆ, ಅದಕ್ಕೇ ಡೀಫಾಲ್ಟ್ ಯಾವ್ದು ಅಂತ ಪ್ರೋಗ್ರಾಮ್ ಬರೆಯೋರು ತಲೆ ಕೆಡಿಸ್ಕೋಬೇಕು. ನನ್ನ ಕೇಳಿದ್ರೆ ಒಂದು ವಾರದೊಳಗೆ ಮುಗಿಯೋದೇ ಮೊದ್ಲು ಸಿಗ್ಬೇಕು, ದೊಡ್ಡದು ಬೇಕಾದ್ರೆ ಅವ್ರೇ ಕೇಳಿ ತಗೊಳ್ಲಿ.

ಕರೆಂಟಿನ ಮಾತು ಬೇರೆ. ಫುಲ್ ಲೋಡಲ್ಲಿ 50 ವ್ಯಾಟ್ ಎಳೆಯೋ ಲ್ಯಾಪ್‌ಟಾಪ್ ಇಡೀ ದಿನ ಓಡಿದ್ರೆ ಒಂದೂಕಾಲು ಯೂನಿಟ್ ಹತ್ರ, ತಿಂಗಳಿಗೆ 36 ಯೂನಿಟ್, ಇದನ್ನ ಬಿಲ್ ಕಟ್ಟೋ ಅಣ್ಣನಿಗೆ ಮೊದ್ಲೇ ಹೇಳಿದ್ವಿ. ಜಿಂಪ್ಸ್ ಲೆಕ್ಕ ಮಾಡೋ ಪ್ರೋಗ್ರಾಮ್ ಪ್ರೈಮ್95 ಅರ್ಧ ಗಂಟೆಗೊಮ್ಮೆ ಲೆಕ್ಕ ಡಿಸ್ಕಿಗೆ ಸೇವ್ ಮಾಡ್ತದೆ, ಹಂಗಾಗಿ ಮರ ಬಿದ್ದು ಲೈನ್ ಹೋಗಿ ಬ್ಯಾಟರಿನೂ ಖಾಲಿ ಆದ್ರೆ ಹೋಗೋದು ಜಾಸ್ತಿ ಅಂದ್ರೆ ಅರ್ಧ ಗಂಟೆ ಕೆಲ್ಸ. ಬ್ಯಾಟರಿ ಮೇಲೆ ಓಡಬೇಡ ಅಂತ್ಲೂ ಹೇಳಿಡ್ಬಹುದು.

ಹುಡುಗ ಗೊಣಗ್ತಾನೇ ಡಬಲ್ ಚೆಕ್ ಒಂದು ತಗೊಂಡ. ಕರೆಂಟ್ ಹೋಗಿ ಬಂದು ಆರನೇ ದಿನಕ್ಕೆ ಮುಗೀತು, ಉತ್ತರ ಹಳೇದಕ್ಕೆ ತಾಳೆ ಆಯ್ತು, ಪ್ರೈಮ್ ಅಲ್ಲ. ಅಷ್ಟೂ ದಿನ ಅತ್ತಿಗೆ ಲ್ಯಾಪ್‌ಟಾಪಿಂದ ಬಿಸಿಗಾಳಿ ಬರೋ ಕಡೆಗೆ ಒದ್ದೆ ಸಾಕ್ಸ್ ಇಟ್ಟು ಒಣಗಿಸ್ಕೊಂಡ್ರು. ಇವ್ನು ಸ್ಕ್ರೀನ್‌ಶಾಟ್ ತೆಗೆದು ಹಾಸ್ಟೆಲ್ ಗ್ರೂಪಿಗೆಲ್ಲ ಕಳ್ಸಿ, ಯಾರೂ ಹೇಳ್ದೆ ಇದ್ರೂ ಇನ್ನೊಂದು ಡಬಲ್ ಚೆಕ್ ಹಾಕಿದಾನೆ.